ಮೆದುಳಿನಲ್ಲಿ ಮೂರು ಚುಕ್ಕೆ

ಮಾಟುಂಗದ ಒಂದು ಕನ್ನಡ ಸಂಘದ ಮಹಿಳಾ ವಿಭಾಗದವರು ಕರೆದಿದ್ದ ಸಭೆಯಲ್ಲಿ, ಎದೆ (ಸ್ತನ) ಕ್ಯಾನ್ಸರ್ ಮೆದುಳಿಗೆ ಹರಡುವ ಬಗ್ಗೆ ಆಡಿದ ಮಾತುಗಳಿವು. ಅವತ್ತು ಬಾಯಿಗೆ ಬಾರದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಕರೆಯೋಲೆಯಲ್ಲಿ ನನ್ನ ಹೆಸರಿನ ಹಿಂದೆ 'ಡಾ.' ಅಂತ ಹಾಕಿದ್ದಾರೆ. ಅದು ಪ್ರೆಸ್ಸಿನವರ ಪ್ರೀತಿ. ಮುಂಬಯಿಯ ಒಂದು ಆಸ್ಪತ್ರೆಯಲ್ಲಿ, ಕ್ಯಾನ್ಸರಿಗೆ ಕಿರಣದ ಚಿಕಿತ್ಸೆ ಕೊಡುವ ರೇಡಿಯೇಶನ್ ವಿಭಾಗದಲ್ಲಿ 32 ವರ್ಷ ಟೆಕ್ನಾಲಜಿಸ್ಟ್ ಆಗಿದ್ದೆ. ಊರಲ್ಲಿ ಇದಕ್ಕೆ 'ಕರೆಂಟ್ ಕೊಡುವುದು' ಅನ್ನುತ್ತಾರೆ, ಇಲ್ಲಿ ಹಿಂದಿಯವರು 'ಸಿಕಾಯಿ' ಅನ್ನುತ್ತಾರೆ. ಎಷ್ಟು ಕೊಡಬೇಕು ಅಂತ ಡಾಕ್ಟರ್ ಬರೆಯುತ್ತಾರೆ, ಫಿಸಿಸಿಸ್ಟ್ ಲೆಕ್ಕ ಹಾಕುತ್ತಾರೆ. ರೋಗಿಯನ್ನು ಮಲಗಿಸಿ ಮಿಷನ್ ಓಡಿಸುವವರು ನಾವು.

ಮೊದಲ ಸಾಲಿನಿಂದ ಒಂದು ವಸ್ತು ಕೈಯಿಂದ ಕೈಗೆ ದಾಟಿಕೊಂಡು ಬರುತ್ತಿದೆ, ನೋಡಿ. ಹೆದರಬೇಡಿ, ಸುಮ್ನೆ ಪ್ಲಾಸ್ಟಿಕ್. ತೂತು ತೂತಿನ ಬಿಳಿ ಮುಖವಾಡ. ತಲೆಗೆ ಕರೆಂಟ್ ಕೊಡುವಾಗ ತಲೆ ಅಲುಗಾಡಬಾರದು. ಅದಕ್ಕೆ ಪ್ರತಿ ರೋಗಿಗೂ ಅವರ ಮುಖದ ಅಳತೆಗೆ ಇದನ್ನು ಮಾಡುತ್ತೇವೆ. ಮೊದಲು ಇದು ಚಪ್ಪಟೆ ಹಾಳೆ. ಸುಮಾರು 70 ಡಿಗ್ರಿ ಬಿಸಿ ನೀರಿಗೆ ಹಾಕಿದರೆ ಎರಡು ಮೂರು ನಿಮಿಷದಲ್ಲಿ ಮೆತ್ತಗಾಗಿ, ಆಗಷ್ಟೇ ಕಾವಲಿಯಿಂದ ತೆಗೆದ ನೀರ್‌ದೋಸೆ ಹಾಗೆ ಜೋಲುತ್ತದೆ. ನೀರು ಒರೆಸಿ, ಇಬ್ಬರು ಎರಡು ಕಡೆ ಹಿಡಿದು ಮುಖದ ಮೇಲೆ ಎಳೆದು ಕೂರಿಸುತ್ತೇವೆ. ಮೂಗಿನ ಏಣು, ಗಲ್ಲ, ಹುಬ್ಬು ಎಲ್ಲ ಮೂಡುವವರೆಗೆ ಬೆರಳಲ್ಲಿ ಒತ್ತುತ್ತೇವೆ. ತಣ್ಣಗಾದರೆ ಗಟ್ಟಿ. ಈಗ ನಿಮ್ಮ ಕೈಯಲ್ಲಿರುವುದು ನನ್ನ ಅತ್ತಿಗೆಯ ಮುಖ. ಗಲ್ಲದ ಹತ್ತಿರ ಮಣ್ಣಿನ ಕಲೆ ಇದೆಯಲ್ಲ, ಅದರ ಕತೆ ಆಮೇಲೆ ಹೇಳುತ್ತೇನೆ.

ಅತ್ತಿಗೆ ಕುಂದಾಪುರದ ಕಡೆಯವಳು. 2018ರಲ್ಲಿ ಅವಳಿಗೆ ಎದೆಯಲ್ಲಿ ಗಂಟು. ಆಪರೇಷನ್, ಕೀಮೊ, ಕರೆಂಟ್, ಒಂದು ವರ್ಷ ಇಂಜೆಕ್ಷನ್, ಎಲ್ಲ ಮುಗಿಸಿ ಚೆನ್ನಾಗಿದ್ದಳು. 2021ರ ಮಳೆಗಾಲದಲ್ಲಿ ಅಣ್ಣ ಫೋನ್ ಮಾಡಿದ. "ಇವಳ ನೀರ್‌ದೋಸೆ ಹಾಳಾಗ್ತಾ ಇದೆ ಮಾರಾಯ" ಅಂದ. ನಾನು ನಕ್ಕೆ. ನಗಬಾರದಿತ್ತು. ನೀರ್‌ದೋಸೆ ಹಿಟ್ಟನ್ನು ಕಾವಲಿಯ ಅಂಚಿನಿಂದ ಶುರು ಮಾಡಿ ಸುತ್ತ ಎರಚುತ್ತಾ ಒಳಗೆ ಬರಬೇಕು. 30 ವರ್ಷ ತಪ್ಪದ ಕೈ ಅದು. ಈಗ ಹಿಟ್ಟು ಕಾವಲಿ ದಾಟಿ ಒಲೆಯ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಒಮ್ಮೆ ವಾಂತಿ ಆದರೆ ಹಗುರ. ಹತ್ತಿರದ ಡಾಕ್ಟರ್ ಒಬ್ಬರು ಕುತ್ತಿಗೆ ನೋವಿನಿಂದ ಬಂದ ತಲೆಸುತ್ತು ಅಂತ 20 ದಿನ ಮಾತ್ರೆ ಕೊಟ್ಟರು. ಹಳೆಯ ಫೈಲು ಕೇಳಲಿಲ್ಲ. ಇವರೂ ತೋರಿಸಲಿಲ್ಲ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಮೆದುಳಿಗೆ ಹರಡಿದ್ದು ಹೀಗೇ ಕಾಣಿಸುವುದು. ಒಬ್ಬರಿಗೆ ಫಿಟ್ಸ್ ಬರುತ್ತದೆ, ಒಬ್ಬರಿಗೆ ಒಂದು ಕೈ ಸೋಲುತ್ತದೆ, ಒಬ್ಬರಿಗೆ ಕಣ್ಣು ಎರಡೆರಡು ಕಾಣುತ್ತದೆ. ಸ್ವಭಾವವೇ ಬದಲಾದವರನ್ನೂ ನೋಡಿದ್ದೇನೆ, ತುಂಬ ಮೆದು ಮಾತಿನ ಹೆಂಗಸು ಗಂಡನಿಗೆ ಬೈಯಲು ಶುರು ಮಾಡಿದ್ದರು. ಎಲ್ಲ ತಲೆನೋವೂ ಇದಲ್ಲ, ಮುಕ್ಕಾಲು ಪಾಲು ತಲೆನೋವಿಗೆ ಮುಂಬಯಿಯ ಟ್ರಾಫಿಕ್ಕೇ ಕಾರಣ. ಆದರೆ ಹಿಂದೆ ಎದೆ ಕ್ಯಾನ್ಸರ್ ಆಗಿತ್ತು ಅಂದರೆ, ಹೊಸದಾಗಿ ಬಂದು ಹೋಗದೆ ಉಳಿದ ತೊಂದರೆಯನ್ನು ಹಳೆಯ ಫೈಲಿನ ಜೊತೆಗೇ ಡಾಕ್ಟರಿಗೆ ತೋರಿಸಿ. ಕಾಂಟ್ರಾಸ್ಟ್, ಅಂದರೆ ಗಡ್ಡೆ ಎದ್ದು ಕಾಣುವಂತೆ ಮಾಡುವ ಔಷಧಿ, ಹಾಕಿ ಮಾಡುವ ಎಂಆರ್‌ಐ ಸಣ್ಣ ಚುಕ್ಕೆಯನ್ನೂ ಹಿಡಿಯುತ್ತದೆ.

ಅತ್ತಿಗೆಯ ಎಂಆರ್‌ಐಯಲ್ಲಿ ಮೂರು ಚುಕ್ಕೆ ಕಂಡವು. ತಲೆಯ ಹಿಂಭಾಗದಲ್ಲಿ, ಸಮತೋಲ ನೋಡಿಕೊಳ್ಳುವ ಚಿಕ್ಕ ಮೆದುಳಿನಲ್ಲಿ ಒಂದು ದೊಡ್ಡದು, ಮೂರು ಸೆಂಟಿಮೀಟರಿಗೂ ಜಾಸ್ತಿ. ಇನ್ನೆರಡು ಕಡಲೆ ಕಾಳಿನಷ್ಟು. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನ?"

ಈ ಪ್ರಶ್ನೆಯನ್ನು ನಾನು ಸಾವಿರ ಸಲ ಕೇಳಿದ್ದೇನೆ. ನಮ್ಮ ಜನ ತಪ್ಪು ಮಾಡುವುದು ಇಲ್ಲೇ. 'ಮೆದುಳಿಗೆ ಹೋಗಿದೆ' ಅನ್ನುವುದನ್ನು ಒಂದೇ ಸುದ್ದಿ ಅಂದುಕೊಳ್ಳುತ್ತಾರೆ. ಎಷ್ಟು ದಿನ ಅಂತ ಕೇಳುವ ಮೊದಲು ಯಾವ ಜಾತಿ ಅಂತ ಕೇಳಿ. ಮುಂಬಯಿ ಕನ್ನಡಿಗರಿಗೆ ಜಾತಿ ಕೇಳುವುದು ಹೊಸದೇನಲ್ಲ, ಜಾತಿಗೊಂದು ಸಂಘ ಕಟ್ಟಿದವರು ನಾವು. ಎದೆ ಕ್ಯಾನ್ಸರಿನಲ್ಲೂ ಜಾತಿ ಇದೆ. ಹಾರ್ಮೋನಿನ ಬಲದಿಂದ ಬೆಳೆಯುವ ಹಾರ್ಮೋನ್ ಪಾಸಿಟಿವ್ ಒಂದು. ಕೋಶದ ಮೇಲೆ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇರುವ ಹರ್-2 ಪಾಸಿಟಿವ್ ಇನ್ನೊಂದು. ಯಾವುದೂ ಇಲ್ಲದ್ದು ಟ್ರಿಪಲ್ ನೆಗೆಟಿವ್. ಮೈಯಲ್ಲಿ ಬೇರೆ ಕಡೆ ಹರಡಿದ ರೋಗ ಇರುವವರಲ್ಲಿ, ಹರ್-2 ಜಾತಿಯಾದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ದಿನ ಮೆದುಳಿಗೂ ಬರುತ್ತದೆ. ಟ್ರಿಪಲ್ ನೆಗೆಟಿವ್ ಆದರೆ ಸುಮಾರು ಮೂರರಲ್ಲಿ ಒಬ್ಬರಿಗೆ. ಹಾರ್ಮೋನ್ ಜಾತಿಯಲ್ಲಿ ಇದಕ್ಕಿಂತ ತುಂಬ ಕಡಿಮೆ. ಇನ್ನೂ ಒಂದು ವಿಚಿತ್ರ ಇದೆ. ಎದೆಯಲ್ಲಿ ಒಂದು ಜಾತಿ ಇದ್ದದ್ದು ಮೆದುಳಿಗೆ ಹೋದ ಮೇಲೆ ಕೆಲವರಲ್ಲಿ ಬದಲಾಗಿರುತ್ತದೆ. ಅದಕ್ಕೇ ಮೆದುಳಿನ ಗಡ್ಡೆ ತೆಗೆದರೆ ಮತ್ತೆ ಲ್ಯಾಬಿಗೆ ಕಳಿಸುತ್ತಾರೆ. ಮತ್ತೆ ಯಾಕೆ ದುಡ್ಡು ಕೀಳುತ್ತಾರೆ ಅಂತ ಜಗಳ ಮಾಡಬೇಡಿ.

ಅತ್ತಿಗೆಯದು ಹರ್-2. ಅವಳು ಒಂದು ವರ್ಷ ತೆಗೆದುಕೊಂಡ ಇಂಜೆಕ್ಷನ್ ಟ್ರಾಸ್ಟುಜುಮಾಬ್, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಆಗ ಅದರ ಬೆಲೆ ಕೇಳಿದರೆ ನಮ್ಮವರು ಎದ್ದು ಹೋಗುತ್ತಿದ್ದರು. ಬೆಂಗಳೂರಿನ ಬಯೋಕಾನ್ ಕಂಪನಿ ಮೈಲಾನ್ ಜೊತೆ ಸೇರಿ ಅದೇ ಥರದ ಔಷಧಿಯನ್ನು 2014ರಲ್ಲಿ ಇಲ್ಲಿ ಮಾರಾಟಕ್ಕೆ ತಂದಿತು. ಮುಂದೆ 2017ರಲ್ಲಿ ಅಮೆರಿಕದವರೂ ಅದನ್ನು ಒಪ್ಪಿದರು. ಆದರೆ ಈ ಇಂಜೆಕ್ಷನ್‌ಗೆ ಒಂದು ಮಿತಿ ಇದೆ. ಮೆದುಳಿನ ರಕ್ತನಾಳಗಳು ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಹಾಗೆ. ಹಾಲಿನವನು, ಪೇಪರಿನವನು ಒಳಗೆ ಹೋಗಬಹುದು. ದೊಡ್ಡ ಪಾರ್ಸೆಲ್ ಬಂದರೆ ವಾಚ್‌ಮನ್ ತಡೆಯುತ್ತಾನೆ. ಟ್ರಾಸ್ಟುಜುಮಾಬ್ ದೊಡ್ಡ ಪಾರ್ಸೆಲ್. ಮೈಯಲ್ಲೆಲ್ಲ ಕೆಲಸ ಮಾಡುತ್ತದೆ, ಗೇಟಿನ ಒಳಗೆ ಸರಿಯಾಗಿ ತಲುಪುವುದಿಲ್ಲ. ಕಳ್ಳ ಕೋಶ ಮಾತ್ರ ಹೇಗೋ ಗೋಡೆ ಹಾರಿ ಒಳಗೆ ಸೇರಿಕೊಂಡಿರುತ್ತದೆ. ಔಷಧಿಯಿಂದ ಜನ ಹೆಚ್ಚು ವರ್ಷ ಬದುಕಿದ್ದಕ್ಕೇ ಮೆದುಳಿನ ರೋಗ ನಮಗೆ ಜಾಸ್ತಿ ಕಾಣಿಸತೊಡಗಿತು. ಹೊಟ್ಟೆ, ಲಿವರ್ ಎಲ್ಲ ಕ್ಲೀನ್, ತಲೆಯಲ್ಲಿ ಮಾತ್ರ ಚುಕ್ಕೆ. ಹೀಗೆ ಬಂದ ಎಷ್ಟೋ ಹೆಂಗಸರಿಗೆ ನಾನು ಮುಖವಾಡ ಮಾಡಿದ್ದೇನೆ.

ಅತ್ತಿಗೆಯನ್ನು ಮುಂಬಯಿಗೆ ತಂದ ದಿನವೇ ಡೆಕ್ಸಾಮೆಥಾಸೋನ್ ಶುರು ಮಾಡಿದರು. ಅದು ಗಡ್ಡೆಯ ಸುತ್ತಲಿನ ಬಾವು ಇಳಿಸುವ ಸ್ಟಿರಾಯ್ಡ್. ಎರಡೇ ದಿನದಲ್ಲಿ ತಲೆನೋವು ಮಾಯ. ಅಣ್ಣ ಗುಣವಾಯಿತು ಅಂದುಕೊಂಡ. ಬಾವು ಇಳಿದಿದೆ ಅಷ್ಟೇ, ಗಡ್ಡೆ ಅಲ್ಲೇ ಇದೆ ಅಂತ ಅವನಿಗೆ ಹೇಳಬೇಕಾಯಿತು. ಈ ಮಾತ್ರೆಯ ಬಗ್ಗೆ ಎರಡು ಮಾತು. ಶುಗರ್ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ, ಹಸಿವು ವಿಪರೀತ. ರಾತ್ರಿ ಮೂರು ಗಂಟೆಗೆ ನಮ್ಮ ಅಡುಗೆಮನೆಯಲ್ಲಿ ಡಬ್ಬದ ಸದ್ದು. ಹೋಗಿ ನೋಡಿದರೆ ಅತ್ತಿಗೆ ನಿಂತುಕೊಂಡೇ ಚಕ್ಕುಲಿ ತಿನ್ನುತ್ತಿದ್ದಾಳೆ, ಮಸಾಲೆ ಡಬ್ಬಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟಿದ್ದಾಳೆ. ಇನ್ನೊಂದು, ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು.

ದೊಡ್ಡ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ತಲೆ ಬಿಚ್ಚುವುದು ಅಂದರೆ ಮುಗಿಯಿತು ಅಂತ ಹೆದರುವವರಿದ್ದಾರೆ. 1990ರಲ್ಲಿ ಅಮೆರಿಕದಲ್ಲಿ 48 ಜನರ ಮೇಲೆ ಒಂದು ಅಧ್ಯಯನ ಆಯಿತು. ಬೇರೆ ಬೇರೆ ಕ್ಯಾನ್ಸರಿನವರು, ಮೆದುಳಿನಲ್ಲಿ ಒಂದೇ ಗಡ್ಡೆ ಇದ್ದವರು. ಬರೀ ಕರೆಂಟ್ ಕೊಟ್ಟವರಲ್ಲಿ ಅರ್ಧದಷ್ಟು ಜನ 15 ವಾರ ದಾಟಿದರೆ, ಗಡ್ಡೆ ತೆಗೆದು ಕರೆಂಟ್ ಕೊಟ್ಟವರಲ್ಲಿ ಅರ್ಧದಷ್ಟು ಜನ 40 ವಾರ ದಾಟಿದರು. ಒಂಟಿ ಗಡ್ಡೆಯನ್ನು, ಒತ್ತುತ್ತಿರುವ ದೊಡ್ಡ ಗಡ್ಡೆಯನ್ನು ತೆಗೆಯುವ ಧೈರ್ಯ ಬಂದದ್ದು ಅಲ್ಲಿಂದ.

ಇನ್ನು ನನ್ನ ಕಸುಬಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಮೆದುಳಿಗೆ ಹರಡಿದೆ ಅಂದರೆ ಇಡೀ ತಲೆಗೆ ಕರೆಂಟ್. 10 ದಿನ, ದಿನಕ್ಕೆ 3 ಗ್ರೇ, ಒಟ್ಟು 30 ಗ್ರೇ (ಗ್ರೇ ಅಂದರೆ ಕರೆಂಟಿನ ಅಳತೆ), ಶನಿವಾರ ಭಾನುವಾರ ರಜೆ. ದಿನಾ ಐದು ಹತ್ತು ನಿಮಿಷದ ಕೆಲಸ. ಒಂದು ಚುಕ್ಕೆ ಇದ್ದರೂ ಅದೇ, ಇಪ್ಪತ್ತು ಇದ್ದರೂ ಅದೇ. ಕೂದಲು ಉದುರುತ್ತಿತ್ತು, ಜನ ಬಾಡಿದ ಸೊಪ್ಪಿನ ಹಾಗೆ ಆಗುತ್ತಿದ್ದರು. ಆದರೆ ಆಗ ಬದುಕುವುದೇ ಕೆಲವು ತಿಂಗಳು, ಹಾಗಾಗಿ ನೆನಪಿನ ಶಕ್ತಿ ಏನಾಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಜನ ಹೆಚ್ಚು ಬದುಕತೊಡಗಿದ ಮೇಲೆ ಆ ಪ್ರಶ್ನೆ ಬಂತು. 2009ರಲ್ಲಿ ಹ್ಯೂಸ್ಟನ್‌ನಿಂದ ಒಂದು ವರದಿ ಬಂತು. ಒಂದರಿಂದ ಮೂರು ಚುಕ್ಕೆ ಇರುವವರಿಗೆ, ಚುಕ್ಕೆಗೆ ಮಾತ್ರ ಗುರಿ ಇಟ್ಟು ಕೊಟ್ಟರೆ ಸಾಕೋ, ಅದರ ಜೊತೆ ಇಡೀ ತಲೆಗೂ ಕೊಡಬೇಕೋ ಅಂತ. ನಾಲ್ಕು ತಿಂಗಳಲ್ಲಿ ಇಡೀ ತಲೆಗೂ ಕೊಟ್ಟವರಲ್ಲಿ ಅರ್ಧದಷ್ಟು ಜನರ ಕಲಿಯುವ, ನೆನಪಿಡುವ ಶಕ್ತಿ ಕುಸಿದಿತ್ತು. ಗುರಿ ಇಟ್ಟು ಕೊಟ್ಟವರಲ್ಲಿ ಕಾಲು ಭಾಗ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದರೆ 58 ಜನ ಸೇರುವಷ್ಟರಲ್ಲೇ ಅಧ್ಯಯನ ನಿಲ್ಲಿಸಿದರು.

ಗುರಿ ಇಟ್ಟು ಕೊಡುವುದಕ್ಕೆ ರೇಡಿಯೋಸರ್ಜರಿ ಅನ್ನುತ್ತಾರೆ. ಹೆಸರಿನಲ್ಲಿ ಸರ್ಜರಿ ಇದ್ದರೂ ಕೊಯ್ಯುವುದು ಇಲ್ಲ. ಗಾಮಾ ನೈಫ್ ಅಂತ ಕೇಳಿರುತ್ತೀರಿ, ಅದರಲ್ಲೂ ಚೂರಿ ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಅನ್ನುವ ಸರ್ಜನ್ 1960ರ ದಶಕದಲ್ಲಿ ರೂಪಿಸಿದ್ದು. ಇಂದಿನ ಮಿಷನ್ನಿನಲ್ಲಿ 192 ಕಡೆಯಿಂದ ಕೋಬಾಲ್ಟಿನ ಸಣ್ಣ ಕಿರಣಗಳು ಬರುತ್ತವೆ. ಒಂದೊಂದೂ ದುರ್ಬಲ, ದಾರಿಯಲ್ಲಿ ಸಿಗುವ ಮೆದುಳಿಗೆ ಹೆಚ್ಚು ಏಟಿಲ್ಲ. ಎಲ್ಲ ಕೂಡುವ ಜಾಗದಲ್ಲಿ ಮಾತ್ರ ಸುಡುವಷ್ಟು ಜೋರು. ಇಲ್ಲೇ ಮಾಹಿಮ್‌ನ ಹಿಂದುಜಾ ಆಸ್ಪತ್ರೆಗೆ 1990ರ ದಶಕದಲ್ಲೇ ಗಾಮಾ ನೈಫ್ ಬಂದಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ದಿನಾ ಕರೆಂಟ್ ಕೊಡುವ ಮಾಮೂಲಿ ಲೀನಿಯರ್ ಆಕ್ಸಲರೇಟರ್ ಮಿಷನ್ನಿನಲ್ಲೂ ಇದೇ ಕೆಲಸ ಮಾಡಬಹುದು. ಅತ್ತಿಗೆಗೆ ಮಾಡಿದ್ದು ಅದರಲ್ಲೇ. ಗಡ್ಡೆ ತೆಗೆದ ಗುಂಡಿಗೆ ಮತ್ತು ಉಳಿದ ಎರಡು ಚುಕ್ಕೆಗೆ. ಒಂದು ಮಿಲಿಮೀಟರ್ ಆಚೀಚೆ ಆಗಬಾರದು, ಅದಕ್ಕೇ ಈ ಮುಖವಾಡ ಇಷ್ಟು ಬಿಗಿ.

ಎಷ್ಟು ಚುಕ್ಕೆವರೆಗೆ ಹೀಗೆ ಮಾಡಬಹುದು? ಮೊದಲು ಮೂರು ನಾಲ್ಕು ಅನ್ನುತ್ತಿದ್ದರು. 2014ರಲ್ಲಿ ಜಪಾನಿನವರು 1194 ರೋಗಿಗಳನ್ನು ನೋಡಿ, ಐದರಿಂದ ಹತ್ತು ಚುಕ್ಕೆ ಇದ್ದವರೂ ಎರಡರಿಂದ ನಾಲ್ಕು ಇದ್ದವರಷ್ಟೇ ಕಾಲ ಬದುಕಿದರು ಅಂತ ತೋರಿಸಿದರು. ಇಡೀ ತಲೆಗೆ ಕೊಡುವುದು ನಿಂತುಹೋಗಿಲ್ಲ. ಚುಕ್ಕೆಗಳು ಎಣಿಸಲಾಗದಷ್ಟು ಇದ್ದರೆ ಈಗಲೂ ಅದೇ ದಾರಿ. ಆದರೆ ನೆನಪು ಹುಟ್ಟುವ ಜಾಗ ಹಿಪೊಕ್ಯಾಂಪಸ್, ಅದನ್ನು ತಪ್ಪಿಸಿ ಕೊಟ್ಟು, ಜೊತೆಗೆ ಮೆಮಾಂಟಿನ್ ಅನ್ನುವ ಮಾತ್ರೆ ಕೊಟ್ಟರೆ ಮರೆವು ಕಡಿಮೆ ಅಂತ 2020ರಲ್ಲಿ ಗೊತ್ತಾಯಿತು. ಇಡೀ ತಲೆಗೆ ಅಂತ ಡಾಕ್ಟರ್ ಹೇಳಿದರೆ, "ಹಿಪೊಕ್ಯಾಂಪಸ್ ತಪ್ಪಿಸಿ ಕೊಡಲು ಆಗುತ್ತದಾ?" ಅಂತ ಕೇಳಿ. ಈ ಹಾಲಿನಿಂದ ಒಂದೇ ವಾಕ್ಯ ಮನೆಗೆ ಕೊಂಡುಹೋಗುವುದಾದರೆ ಅದೇ ಇರಲಿ.

ಕರೆಂಟ್ ಮುಗಿದ ಮೇಲೆ ಔಷಧಿ. ಮೊದಲೆಲ್ಲ ಹೊಸ ಔಷಧಿಗಳ ಪ್ರಯೋಗಕ್ಕೆ ಮೆದುಳಿಗೆ ಹರಡಿದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ನನಗೆ ಅದು ಅನ್ಯಾಯ ಅನ್ನಿಸುತ್ತಿತ್ತು. ಟುಕಾಟಿನಿಬ್ ಮಾತ್ರೆಯ ಪ್ರಯೋಗದಲ್ಲಿ ಬೇಕೆಂದೇ ಸೇರಿಸಿಕೊಂಡರು, 612ರಲ್ಲಿ 291 ಜನ ಅಂಥವರು, ಎಲ್ಲರೂ ಹರ್-2 ಜಾತಿ. ಆ 291 ಜನರಲ್ಲಿ, ಹಳೆಯ ಔಷಧಿಗಳ ಜೊತೆ ಈ ಮಾತ್ರೆಯನ್ನೂ ತೆಗೆದುಕೊಂಡವರ ಮೀಡಿಯನ್ ಆಯುಸ್ಸು (ಮೀಡಿಯನ್ ಅಂದರೆ ಏನು ಅಂತ ಆಮೇಲೆ ಹೇಳುತ್ತೇನೆ) 21.6 ತಿಂಗಳು, ತೆಗೆದುಕೊಳ್ಳದವರದು 12.5. ಇನ್ನೊಂದು, ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಇಂಜೆಕ್ಷನ್. 2024ರಲ್ಲಿ ಬಂದ ವರದಿಯಲ್ಲಿ ಮೆದುಳಿಗೆ ಹರಡಿದ 263 ಜನರಲ್ಲಿ ಹತ್ತಕ್ಕೆ ಏಳು ಜನರ ಮೆದುಳಿನ ಗಡ್ಡೆ ಕುಗ್ಗಿತ್ತು. ಇದೂ ದೊಡ್ಡ ಪಾರ್ಸೆಲ್ಲೇ, ಆದರೂ ಒಳಗೆ ಹೇಗೆ ಕೆಲಸ ಮಾಡುತ್ತದೆ? ಗಡ್ಡೆ ಬೆಳೆದ ಕಡೆ ಗೇಟು ಸ್ವಲ್ಪ ಮುರಿದಿರುತ್ತದೆ ಅಂತ ಒಂದು ವಿವರಣೆ. ಇದನ್ನು ತೆಗೆದುಕೊಳ್ಳುವವರಿಗೆ ಒಣಕೆಮ್ಮು, ಉಬ್ಬಸ ಬಂದರೆ ಕಷಾಯ ಕುಡಿದುಕೊಂಡು ಕೂರಬಾರದು, ಶ್ವಾಸಕೋಶದ ಬಾವು ಇರಬಹುದು, ಅವತ್ತೇ ಡಾಕ್ಟರಿಗೆ ಹೇಳಬೇಕು. ಬೆಲೆ ಈಗಲೂ ಸಾಮಾನ್ಯರಿಗೆ ಎಟುಕುವಂತಿಲ್ಲ. 2024ರ ಜುಲೈ ಬಜೆಟ್ಟಿನಲ್ಲಿ ಇದರ ಕಸ್ಟಮ್ಸ್ ಸುಂಕ ತೆಗೆದರು. ಸೆಪ್ಟೆಂಬರಿನ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ಇದರ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದರು. ಅದೇ ಸಭೆಯಲ್ಲಿ ಕುರುಕಲು ತಿಂಡಿಯ ತೆರಿಗೆಯೂ ಇಳಿದಿದ್ದರಿಂದ ಟಿವಿಯವರು ತಿಂಡಿಯದ್ದೇ ಜಾಸ್ತಿ ಹೇಳಿದರು.

ಅತ್ತಿಗೆಗೆ ಸಿಕ್ಕಿದ್ದು ಹಳೆಯ ಜೋಡಿ, ಲ್ಯಾಪಾಟಿನಿಬ್ ಮತ್ತು ಕ್ಯಾಪೆಸಿಟಾಬಿನ್ ಮಾತ್ರೆಗಳು. ಕ್ಯಾಪೆಸಿಟಾಬಿನ್ ಅಂಗೈ ಅಂಗಾಲು ಕೆಂಪು ಮಾಡಿ ಚರ್ಮ ಸುಲಿಸುತ್ತದೆ. ಊರಿಗೆ ಹೋದ ಮೇಲೆ ಒಂದು ದಿನ ಫೋನ್ ಮಾಡಿದಳು. "ಮಾಣಿ, ರೇಷನ್ ಅಂಗಡಿ ಮಿಷನ್ನಿಗೆ ನಾನು ಯಾರೂಂತ ಗೊತ್ತಾಗುವುದಿಲ್ಲವಂತೆ." ಬೆರಳ ಗೆರೆ ಅಳಿಸಿಹೋಗಿತ್ತು. ಈ ಔಷಧಿಯಲ್ಲಿ ಹಾಗಾಗುವುದುಂಟು. ಅಣ್ಣ ಹೋಗಿ ಹೆಬ್ಬೆಟ್ಟು ಒತ್ತಿ ಅಕ್ಕಿ ತಂದ. ಅಂದಹಾಗೆ, ರಿಟೈರ್ ಆಗುವ ವಯಸ್ಸಿನವನನ್ನು ಮಾಣಿ ಅಂತ ಕರೆಯುತ್ತಿದ್ದವಳು ಅವಳೊಬ್ಬಳೇ.

ಈಗ ಅಣ್ಣನ ಪ್ರಶ್ನೆಗೆ ಬರೋಣ. ಎದೆ ಕ್ಯಾನ್ಸರ್ ಮೆದುಳಿಗೆ ಹರಡಿದ 2473 ಜನರ ಲೆಕ್ಕ 2020ರಲ್ಲಿ ಪ್ರಕಟವಾಯಿತು. ಎಲ್ಲ ಸೇರಿಸಿದರೆ ಮೀಡಿಯನ್ 16 ತಿಂಗಳು. ಆದರೆ ಕ್ಯಾನ್ಸರಿನ ಜಾತಿ, ವಯಸ್ಸು, ಚುಕ್ಕೆಗಳ ಸಂಖ್ಯೆ, ಮೈಯಲ್ಲಿ ಬೇರೆ ಕಡೆ ರೋಗ ಇದೆಯಾ, ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾರಾ ಅಂತ ನೋಡಿ ಗುಂಪು ಮಾಡಿದರೆ, ತೀರಾ ಕೆಳಗಿನ ಗುಂಪಿಗೆ 6 ತಿಂಗಳು, ಮೇಲಿನ ಗುಂಪಿಗೆ 36 ತಿಂಗಳು. ಆರು ಪಟ್ಟು ವ್ಯತ್ಯಾಸ! ಮೀಡಿಯನ್ ಅಂದರೆ ಏನು? ನೂರು ಜನರನ್ನು ಬದುಕಿದ ಕಾಲದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸಾಲಿನ ಮಧ್ಯದವರ ಲೆಕ್ಕ. ಅವರ ಆಚೆ ಇನ್ನೂ ಅರ್ಧ ಸಾಲು ಇದೆ. ಸಾಲಿನ ಕೊನೆಯಲ್ಲಿ ಐದು ವರ್ಷ ದಾಟಿದವರೂ ನಿಂತಿರುತ್ತಾರೆ. ನಿಮ್ಮವರು ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ ಅಂತ ಮೊದಲ ದಿನ ಯಾವ ಡಾಕ್ಟರಿಗೂ ಹೇಳಲು ಆಗದು.

ಅತ್ತಿಗೆ 31 ತಿಂಗಳು ಬದುಕಿದಳು. ಅದರಲ್ಲಿ 26 ತಿಂಗಳು ಚೆನ್ನಾಗಿದ್ದಳು, ದೋಸೆ ಎರೆಯುತ್ತಿದ್ದಳು, ಮೊದಲಿನಷ್ಟು ಗುಂಡಗೆ ಅಲ್ಲ. ಮಧ್ಯದಲ್ಲಿ ಒಂದು ಚುಕ್ಕೆ ದೊಡ್ಡದಾದ ಹಾಗೆ ಸ್ಕ್ಯಾನ್‌ನಲ್ಲಿ ಕಂಡು ಮನೆಯಲ್ಲಿ ಊಟ ಸೇರಲಿಲ್ಲ. ಅದು ರೋಗ ಅಲ್ಲ, ಕರೆಂಟಿನಿಂದ ಸತ್ತ ಜಾಗದ ಬಾವು ಅಂತ ಆಮೇಲೆ ತಿಳಿಯಿತು. ಹೀಗೂ ಆಗುತ್ತದೆ. ಕೊನೆಗೆ ಮೆದುಳಿನ ಸುತ್ತಲಿನ ಪೊರೆಗೆ, ಅಲ್ಲಿಯ ನೀರಿಗೆ ಹರಡಿತು. ಅದು ಬೇರೆಯೇ ರೋಗ, ತುಂಬ ಬೇಗ ಓಡುತ್ತದೆ. 2024ರ ಜನವರಿಯಲ್ಲಿ ಮನೆಯಲ್ಲೇ ಹೋದಳು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು. ಊರಿನವರೆಲ್ಲ ಮುಂಬಯಿಗೇ ಬರಬೇಕಾ ಅಂತ ಒಬ್ಬರು ಕೇಳಿದರು. ಬೇಡ. ಪರೇಲಿನ ಟಾಟಾ ಆಸ್ಪತ್ರೆ 1941ರಿಂದ ಇದೆ, ಒಳ್ಳೆಯ ಜಾಗ, ಆದರೆ ಸಾಲು ಉದ್ದ. ಮಣಿಪಾಲ ಇದೆ, ಬೆಂಗಳೂರಿನ ಕಿದ್ವಾಯಿ ಇದೆ. ಬರಲೇಬೇಕಾದರೆ ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಂಥ ಕಡೆ ಇಳಿದುಕೊಳ್ಳಲು ವಿಚಾರಿಸಿ. ಆಸ್ಪತ್ರೆಯ ಪತ್ರ ಇದ್ದರೆ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವವರಿಗೆ ಮುಕ್ಕಾಲು. ಮತ್ಸ್ಯಗಂಧದಲ್ಲಿ ಬರುವ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಆಸ್ಪತ್ರೆ ಕೈಬಿಟ್ಟ ಮೇಲೆ ಏನು ಅಂತ ಇನ್ನೊಬ್ಬರು ಕೇಳಿದರು. ಬಾಂದ್ರಾದ ಶಾಂತಿ ಅವೇದನಾ ಸದನ 1986ರಿಂದ ಅಂಥ ಕ್ಯಾನ್ಸರ್ ರೋಗಿಗಳನ್ನು ಕೊನೆಯ ದಿನಗಳಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳುವ ಕೆಲಸ ಮಾಡುತ್ತಿದೆ. ನೋವು ನೋಡಿಕೊಳ್ಳುವವರನ್ನು ಕೊನೆಯ ವಾರ ಹುಡುಕಬೇಡಿ, ಚಿಕಿತ್ಸೆ ನಡೆಯುವಾಗಲೇ ಪರಿಚಯ ಮಾಡಿಕೊಳ್ಳಿ.

ಕೊನೆಗೆ ಹಿಂದಿನ ಸಾಲಿನ ಹುಡುಗ ಎದ್ದು, "ಅಮ್ಮನಿಗೆ ಹೇಳಬೇಕಾ, ಬೇಡವಾ?" ಅಂತ ಕೇಳಿದ. ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳಿದೆ. ಅಣ್ಣ ಅತ್ತಿಗೆಗೆ, ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದಕ್ಕೆ ಆಪರೇಷನ್ ಅಂದಿದ್ದ. ನಾನೂ ತಲೆಯಾಡಿಸಿದ್ದೆ. ಆಮೇಲೆ ಒಂದು ದಿನ ನಾನೇ ಅವಳ ಮುಖದ ಮೇಲೆ ಈ ಹಾಳೆ ಎಳೆದು ಕೂರಿಸಿದೆ. ಅದು ಆರುವವರೆಗೆ ಮಾತಾಡಲು ಆಗುವುದಿಲ್ಲ. ತೆಗೆದ ಕೂಡಲೇ ಕೆನ್ನೆಯ ಮೇಲೆ ಬಲೆಯ ಗುರುತು ಇಟ್ಟುಕೊಂಡೇ ಕೇಳಿದಳು. "ಮಾಣಿ, ರಕ್ತ ಹೆಪ್ಪುಗಟ್ಟಿದ್ದಕ್ಕೆ ಕರೆಂಟ್ ಕೊಡ್ತಾರಾ?" 2018ರಲ್ಲಿ ಎದೆಗೆ ಕರೆಂಟ್ ತೆಗೆದುಕೊಂಡವಳು, ಅವಳಿಗೆ ಗೊತ್ತಾಗದೆ ಇರುತ್ತದಾ? ಇಲ್ಲ ಅತ್ತಿಗೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಗೊತ್ತಾಗಿದೆ ಅಂತ ನಿನ್ನ ಅಣ್ಣನಿಗೆ ಹೇಳಬೇಡ" ಅಂದಳು. ಎರಡು ತಿಂಗಳು ಅವರಿಬ್ಬರೂ ಒಬ್ಬರಿಂದ ಒಬ್ಬರು ಮುಚ್ಚಿಟ್ಟುಕೊಂಡು ಓಡಾಡಿದರು.

ಆ ಮುಖವಾಡ ಯಾರ ಹತ್ತಿರ ನಿಂತಿದೆ? ಮುಂದೆ ಕಳಿಸಿ. ಅತ್ತಿಗೆ ಅದನ್ನು ಊರಿಗೆ ಕೊಂಡುಹೋಗಿ, ಕೋಳಿ ಕೆದಕದ ಹಾಗೆ ಹರಿವೆ ಸಸಿಯ ಮೇಲೆ ಕವಿಚಿ ಇಡುತ್ತಿದ್ದಳು. ಮಣ್ಣು ಅಲ್ಲಿಯದು. ಅಣ್ಣ ನಿನ್ನೆಯೂ ಫೋನ್ ಮಾಡಿದ್ದ, ಮಳೆ ಶುರುವಾಗುವುದರೊಳಗೆ ವಾಪಸ್ ಬೇಕಂತೆ, ಬೀಜ ಹಾಕಿಯಾಗಿದೆ.